ಅಕ್ಷಿಪಟಲದ ಗ್ರಾಹಕಗಳು: ಜನನಾನಂತರದ ಬೆಳವಣಿಗೆ

ಶಬ್ದದ ಅರ್ಥವು ಪ್ರಕರಣಾಧೀನವೆಂಬುದು ನಮ್ಮ ಶಾಸ್ತ್ರಕಾರರಿಗೆ ಚಿರಪರಿಚಿತವಾದ ವಿಚಾರ. ‘ಸೈಂಧವ’ವೆಂದರೆ ಭೋಜನಕಾಲದಲ್ಲಿ ಉಪ್ಪು, ಪ್ರಯಾಣಕಾಲದಲ್ಲಿ ಕುದುರೆ. ಇದಕ್ಕೆ ಸದೃಶವಾದ ವ್ಯವಹಾರವೊಂದು ಕಣ್ಣಿನೊಳಗೇ ನಡೆಯುತ್ತಿರುವುದನ್ನು ಜೀವಶಾಸ್ತ್ರಜ್ಞರು ತೋರಿಸಿಕೊಟ್ಟಿರುವರು.

ಕಣ್ಣಿನ ಹಿಂಭಾಗದ ಒಳಮೈಗೆ ಹೊದಿಸಿದಂತಿರುವ ನರಕೋಶಗಳ ತೆಳುಪೊರೆಯೇ ಅಕ್ಷಿಪಟಲ. ಅಲ್ಲಿ ದಂಡಕೋಶ, ಶಂಕುಕೋಶಗಳು ಬೆಳಕನ್ನು ಹಿಡಿಯುವುವು. ದ್ವಿಧ್ರುವಕೋಶಗಳು ಆ ವಾರ್ತೆಯನ್ನು ಮುಂದಕ್ಕೆ ಸಾಗಿಸುವುವು. ಒಂದು ಕೋಶವು ಮತ್ತೊಂದಕ್ಕೆ ವಾರ್ತೆಯನ್ನು ತಿಳಿಸುವುದು ರಾಸಾಯನಿಕ ದ್ರವ್ಯದ ಮೂಲಕ. ಆ ದ್ರವ್ಯವನ್ನು ಎದುರುಗೊಳ್ಳುವ ಪ್ರೋಟೀನಿಗೆ ಗ್ರಾಹಕವೆಂದು ಹೆಸರು. (ಅಂಗಡಿಯ ಗ್ರಾಹಕನನ್ನು ವಾಚಕರು ಇಲ್ಲಿ ಮರೆಯತಕ್ಕದ್ದು.) ಬೆಳಕನ್ನು ಹಿಡಿಯುವ ಕೋಶಗಳು ಕತ್ತಲೆಯಲ್ಲಿ ಗ್ಲುಟಮೇಟನ್ನು ಸ್ರವಿಸುತ್ತಿದ್ದು, ಬೆಳಕು ಬಿದ್ದೊಡನೆ ಸ್ರಾವವನ್ನು ಕಡಮೆಮಾಡುವುವು. ಈ ಒಂದೇ ದ್ರವ್ಯವು ಕೆಲವು ದ್ವಿಧ್ರುವಕೋಶಗಳನ್ನು ಉದ್ರೇಕಿಸುವುದು, ಕೆಲವನ್ನು ತಡೆಯುವುದು. ಭೇದಕ್ಕೆ ಕಾರಣವು ದ್ರವ್ಯವಲ್ಲ, ಗ್ರಾಹಕ. ತಡೆಯಲ್ಪಡುವ ಕೋಶದಲ್ಲಿರುವ ಗ್ರಾಹಕಕ್ಕೆ ಎಂಗ್ಲೂಆರ್-೬ ಎಂದು ಹೆಸರು. ಬೆಳಕು ಬಂದಾಗ ತಡೆ ತೊಲಗಿ ಆ ಕೋಶವು ಎಚ್ಚರಗೊಳ್ಳುವುದು.

ಈ ಗ್ರಾಹಕವು ಆದಿಯಿಂದಲೇ ಸ್ವಸ್ಥಾನದಲ್ಲಿರುವುದೇ? ಇಲ್ಲವೆಂಬುದನ್ನು ಜಪಾನಿನ ನಕನಿಷಿ ಮತ್ತವರ ಸಂಗಡಿಗರು ೧೯೯೪ರಲ್ಲಿ ಇಲಿಯಲ್ಲಿ ತೋರಿಸಿದರು. ಎಳೆಯ ಕೋಶದಲ್ಲಿ ಅದು ಕೋಶದ ಮೈಯಲ್ಲಿಯೂ ಕವಲುಗಳಲ್ಲಿಯೂ ಹರಡಿಕೊಂಡಿರುವುದು. ಕೋಶವು ಬಲಿತಂತೆ, ದಂಡಕೋಶವನ್ನು ಸಂಧಿಸುವ ಕವಲಿನ ತುದಿಯಲ್ಲಿ ಬಂದು ನೆಲಸುವುದು.

ಇಲಿಮರಿಯು ಕಣ್ದೆರೆಯುವುದು ಸುಮಾರು ಎರಡು ವಾರಗಳ ಮೇಲೆ. ಅಲ್ಲಿಯವರೆಗೆ ಅಕ್ಷಿಪಟಲವು ಸುಮ್ಮನಿರುವುದೆಂದು ಭಾವಿಸಲಾಗದು. ಎಳೆಯ ಅಕ್ಷಿಪಟಲದಲ್ಲಿ ಬೆಳಕಿಲ್ಲದೆಯೇ ವಿದ್ಯುತ್ತಿನ ಅಲೆಗಳು ಹಾಯುವುದನ್ನು ಮೈಸ್ಟರ್, ವಾಂಗ್, ಬೇಲರ್, ಷಾಟ್ಸ್ ಎಂಬವರು ೧೯೯೧ರಲ್ಲಿ ಪ್ರಕಟಿಸಿದರು. ಜನನಾನಂತರದ ಮೊದಲ ದಿನಗಳಲ್ಲಿ ಈ ಅಲೆಗಳನ್ನು ನಡೆಯಿಸುವುದು ಅಸಿಟೈಲ್‌ಕೋಲೀನಿನ ಗ್ರಾಹಕ. ಕಣ್ದೆರೆಯುವ ಕಾಲವು ಸಮೀಪಿಸಿದಾಗ ಆ ಅಧಿಕಾರವು ಗ್ಲುಟಮೇಟಿನ ಗ್ರಾಹಕಗಳಿಗೆ ಬರುವುದು. ಮೊದಲಿನ ಗ್ರಾಹಕದ ಒಂದು ಮುಖ್ಯಾಂಶವಿಲ್ಲದೆ ಹುಟ್ಟಿದ ಸಣ್ಣ ಇಲಿಗಳಲ್ಲಿ ಎರಡು ಕಣ್ಣುಗಳ ನರತಂತುಗಳು ಮೆದುಳಿನಲ್ಲಿ ಸರಿಯಾಗಿ ವಿಭಾಗಗೊಳ್ಳವು. ಆದಕಾರಣ ನೋಟಕ್ಕೆ ಮುಂಚಿನ ಈ ಚಟುವಟಿಕೆಯು ವ್ಯರ್ಥವಲ್ಲ.

ಗ್ಯಾಬಾ ಎಂಬ ದ್ರವ್ಯದ ವಿಷಯವು ಇನ್ನೂ ವಿಸ್ಮಯಕರ. ಬೆಳೆದ ಪ್ರಾಣಿಯಲ್ಲಿ ಅದು ನಿಗ್ರಹಕಾರಿ. ಎಳೆಯ ಅಕ್ಷಿಪಟಲದಲ್ಲಾದರೋ ಉದ್ರೇಕಕಾರಿ. ಇಲ್ಲಿ ಗ್ರಾಹಕವನ್ನೇ ಕಾರಣವೆನ್ನಲೂ ಆಗದು. ಎಳೆಯ ಕೋಶದೊಳಗೆ ಕ್ಲೋರೈಡು ಅಧಿಕವಾಗಿರುವುದರಿಂದ, ಗ್ಯಾಬಾ ದ್ವಾರವನ್ನು ತೆರೆದಾಗ ಅದು ಹೊರಕ್ಕೆ ಹರಿದು ಕೋಶವು ಉದ್ರಿಕ್ತವಾಗುವುದು. ಮುಂದೆ ಕ್ಲೋರೈಡನ್ನು ಹೊರಹಾಕುವ ಪ್ರೋಟೀನು ಬಲಗೊಂಡು ಒಳಗಿನ ಪ್ರಮಾಣವು ತಗ್ಗಿದರೆ, ಅದೇ ದ್ವಾರವು ಕೋಶವನ್ನು ತಡೆಯುವ ಸಾಧನವಾಗುವುದು. ಉಪ್ಪಿನ ಅಂಶವಾದ ಕ್ಲೋರೈಡೇ ಇಲ್ಲಿ ಪ್ರಕರಣವನ್ನು ನಿರ್ಣಯಿಸುವುದೆಂಬುದು ಸೈಂಧವದ ಉದಾಹರಣೆಯನ್ನು ಕೊಟ್ಟವರಿಗೆ ಪ್ರಿಯವಾಗುತ್ತಿದ್ದಿತು.

ಮನುಷ್ಯರಲ್ಲಿ ಎಂಗ್ಲೂಆರ್-೬ರ ಜೀನು ಕೆಟ್ಟರೆ ಹುಟ್ಟಿನಿಂದಲೇ ಇರುಳುಗುರುಡು ಬರುವುದೆಂದು ೨೦೦೫ರಲ್ಲಿ ತಿಳಿದುಬಂದಿತು. ಅನ್ನಾಂಗಗಳ ಕೊರತೆಯಿಂದ ಬರುವ ಇರುಳುಗುರುಡು ಬೇರೆ. ಅದು ಆಹಾರದಿಂದ ವಾಸಿಯಾಗಬಹುದು. ಇದರಲ್ಲಿ ದಂಡಕೋಶವು ಬೆಳಕನ್ನು ಹಿಡಿದರೂ ಆ ವಾರ್ತೆಯನ್ನು ಸ್ವೀಕರಿಸಬೇಕಾದ ಕೋಶವು ಕಿವುಡಾಗಿರುವುದು.