ನೂರೈವತ್ತು ಕುರ್ಚಿ ಕಲಿಸಿದ ಪಾಠ

ಮೇ ತಿಂಗಳ ಒಂದು ರಾತ್ರಿ. ಹಾಸ್ಟೆಲ್‌ನಲ್ಲಿ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದೆ. ಊರಿನಿಂದ ಸೋದರಮಾವನ ಫೋನ್ ಬಂತು.

‘ಪುಟ್ಟೀ, ನಿನ್ನ ಆ್ಯಪ್‌ನಲ್ಲಿ ಇನ್ನೂರು ಕುರ್ಚಿ ಇದೆ ಅಂತ ತೋರಿಸ್ತಿದೆ. ಗೋಡೌನ್‌ನಲ್ಲಿ ನೋಡಿದ್ರೆ ಐವತ್ತೇ ಇರೋದು. ಬೆಳಿಗ್ಗೆ ಆರಕ್ಕೆ ಮದುವೆ ಮನೆಗೆ ಕಳಿಸ್ಬೇಕು. ಉಳಿದ ನೂರೈವತ್ತು ಎಲ್ಲಿ ಹೋದ್ವು?’

ನನ್ನ ಬಳಿ ಉತ್ತರ ಇರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಕೋಡ್ ನೋಡಿದೆ. ಎಲ್ಲವೂ ಸರಿಯಾಗಿಯೇ ಇತ್ತು. ಆ ರಾತ್ರಿ ಮಾವ ಪಕ್ಕದ ಊರಿನ ಶಾಮಿಯಾನ ಅಂಗಡಿಯವರ ಕೈಕಾಲು ಹಿಡಿದು ನೂರೈವತ್ತು ಕುರ್ಚಿ ಬಾಡಿಗೆಗೆ ತಂದರು. ಆ ಮದುವೆಯಲ್ಲಿ ಸಿಗಬೇಕಿದ್ದ ಲಾಭ ಕುರ್ಚಿ ಬಾಡಿಗೆಗೆ, ಲಗೇಜ್ ಆಟೊಗೆ ಹೋಯಿತು. ಮರುದಿನ ಫೋನ್ ಮಾಡಿದಾಗ ಮಾವ ಬೈಯಲಿಲ್ಲ. ‘ಇನ್ಮೇಲೆ ಪುಸ್ತಕಾನೇ ಸಾಕು ಪುಟ್ಟಿ’ ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ನಾನು ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿನಿ. ಐದನೇ ಸೆಮಿಸ್ಟರ್‌ನಲ್ಲಿ ನಮಗೆ ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ವಿಷಯ ಇತ್ತು. ಕೋಡ್ ಬರೆಯುವುದಿಲ್ಲ, ಲೆಕ್ಕವಿಲ್ಲ, ಬರೀ ಓದುವುದು. ‘ಥಿಯರಿ ತಾನೇ, ಹಿಂದಿನ ದಿನ ರಾತ್ರಿ ಕೂತರಾಯಿತು’ ಎಂದು ನಾವೆಲ್ಲ ಅದನ್ನು ಬದಿಗಿಟ್ಟಿದ್ದೆವು. ನಾನೂ ಹಾಗೆಯೇ ಓದಿ, ಒಳ್ಳೆಯ ಅಂಕ ತೆಗೆದು, ಮರೆತಿದ್ದೆ. ಆ ವಿಷಯ ಯಾಕಿದೆ ಎಂದು ಅರ್ಥವಾಗಿದ್ದು ಪರೀಕ್ಷೆ ಮುಗಿದ ಮೇಲೆ, ಈ ನೂರೈವತ್ತು ಕುರ್ಚಿಗಳಿಂದ.

<b>ಡೆಮೊದಲ್ಲಿ ಪಾಸು, ಮದುವೆಯಲ್ಲಿ ಫೇಲು</b>

ಆರನೇ ಸೆಮಿಸ್ಟರ್‌ಗೆ ಮಿನಿ ಪ್ರಾಜೆಕ್ಟ್ ಮಾಡಬೇಕಿತ್ತು. ಮಾವನಿಗೆ ಊರಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇದೆ. ಅವರು ಒಮ್ಮೆ ‘ಲೆಕ್ಕ ಇಡೋದೇ ಕಷ್ಟ ಆಗಿದೆ, ಒಂದು ಆ್ಯಪ್ ಮಾಡ್ಕೊಡು’ ಅಂದಿದ್ದರು. ನಾವು ನಾಲ್ವರು ಗೆಳತಿಯರು ಅದನ್ನೇ ಎತ್ತಿಕೊಂಡೆವು. ಮಾವನ ಜೊತೆ ಹತ್ತು ನಿಮಿಷ ಫೋನಿನಲ್ಲಿ ಮಾತನಾಡಿದ್ದೇ ನಮ್ಮ ‘ಅಗತ್ಯಗಳ ಸಂಗ್ರಹ’. ಅಂದು ಸಂಜೆಯೇ ಕೋಡ್ ಬರೆಯಲು ಕೂತೆವು.

ಆ್ಯಪ್ ಚೆನ್ನಾಗಿಯೇ ಬಂತು. ಲಾಗಿನ್ ಪುಟ, ಬಣ್ಣ ಬಣ್ಣದ ಗ್ರಾಫ್, ಬುಕಿಂಗ್ ಕ್ಯಾಲೆಂಡರ್ ಎಲ್ಲ ಇತ್ತು. ಕಾಲೇಜಿನ ಡೆಮೊದಲ್ಲಿ ಮೇಷ್ಟ್ರು ಮೆಚ್ಚಿದರು. ಎರಡೇ ವಾರದಲ್ಲಿ ಮಾವನ ಫೋನ್ ಬಂತು.

ತಪ್ಪು ಎಲ್ಲಿತ್ತು ಎಂದರೆ, ಬುಕಿಂಗ್ ದಿನಾಂಕ ಮುಗಿದ ಕೂಡಲೇ ಸಾಮಾನು ಗೋಡೌನ್‌ಗೆ ವಾಪಸ್ ಬಂತು ಎಂದು ನಮ್ಮ ಆ್ಯಪ್ ಲೆಕ್ಕ ಹಾಕುತ್ತಿತ್ತು. ಹೋಟೆಲ್ ರೂಮಿಗಾದರೆ ಇದು ಸರಿ. ಆದರೆ ನಮ್ಮ ಕಡೆ ಮದುವೆ ಮುಗಿದ ಮೇಲೆ ಬೀಗರೂಟ ಇರುತ್ತದೆ. ಮನೆ ಮುಂದೆ ಚಪ್ಪರ ಹಾಕಿ ಮಾಡಿದ ಮದುವೆಯ ಕುರ್ಚಿಗಳು ಅಲ್ಲಿಂದಲೇ ನೇರ ಬೀಗರೂಟದ ಮನೆಗೆ ಹೋಗುತ್ತವೆ. ಗೋಡೌನ್ ಕಡೆ ತಲೆಯನ್ನೂ ಹಾಕುವುದಿಲ್ಲ. ಅವತ್ತು ಆಗಿದ್ದೂ ಅದೇ. ನೂರೈವತ್ತು ಕುರ್ಚಿಗಳು ಎಂಟು ಕಿಲೋಮೀಟರ್ ದೂರದ ಊರಲ್ಲಿ ಬೀಗರಿಗಾಗಿ ಕಾಯುತ್ತಿದ್ದವು. ಕೋಡ್‌ನಲ್ಲಿ ದೋಷ ಇರಲಿಲ್ಲ. ಬೀಗರೂಟದ ಬಗ್ಗೆ ನಾವು ಕೇಳಿರಲೇ ಇಲ್ಲ. ನಾನಂತೂ ಎಷ್ಟೋ ಬೀಗರೂಟ ಉಂಡವಳು!

<b>ನಾವು ಹಾರಿಸಿದ ಅಧ್ಯಾಯ</b>

ನಾಚಿಕೆಯಿಂದಲೇ ಹಳೆಯ ನೋಟ್ಸ್ ತೆರೆದೆ. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರು ಜನಪ್ರಿಯವಾದದ್ದು 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನ್ಯಾಟೊ ನಡೆಸಿದ ಸಮ್ಮೇಳನದಿಂದ. ಅಂದು ದೊಡ್ಡ ದೊಡ್ಡ ಸಾಫ್ಟ್‌ವೇರ್‌ಗಳು ಹೇಳಿದ ಸಮಯಕ್ಕೆ ಮುಗಿಯುತ್ತಿರಲಿಲ್ಲ, ಹೇಳಿದ ಹಣದಲ್ಲಿ ಆಗುತ್ತಿರಲಿಲ್ಲ, ಆದರೂ ಬೇಕಾದ ಹಾಗೆ ಇರುತ್ತಿರಲಿಲ್ಲ. ಸೇತುವೆ ಕಟ್ಟುವವರಿಗೆ ಇರುವಂಥ ಶಿಸ್ತು ಈ ಕೆಲಸಕ್ಕೂ ಬೇಕು ಎಂಬ ಚಿಂತೆಯಿಂದ ಆ ಹೆಸರು ಬಂತು. ಐವತ್ತು ವರ್ಷಕ್ಕೂ ಹಿಂದಿನ ಆ ಮೂರು ದೂರುಗಳೂ ನಮ್ಮ ಪುಟ್ಟ ಆ್ಯಪ್‌ಗೆ ಅಂಟಿಕೊಂಡಿದ್ದವು.

ನಮಗಿಂತ ದೊಡ್ಡವರೂ ಎಡವಿದ್ದಾರೆ ಎಂಬುದು ಸ್ವಲ್ಪ ಸಮಾಧಾನ. 1999ರಲ್ಲಿ ನಾಸಾದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಮಂಗಳನ ಬಳಿಯವರೆಗೆ ಹೋಗಿ ಕಳೆದುಹೋಯಿತು. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು. ಅದನ್ನು ಬಳಸಿದ ಸಾಫ್ಟ್‌ವೇರ್ ಅವು ಮೆಟ್ರಿಕ್ ಪದ್ಧತಿಯ ನ್ಯೂಟನ್ ಲೆಕ್ಕದವು ಎಂದುಕೊಂಡಿತು. ಎರಡೂ ಕಡೆ ಇದ್ದವರು ಬುದ್ಧಿವಂತರೇ. ನಡುವಿನ ಒಪ್ಪಂದ ಮಾತ್ರ ಪಾಲನೆಯಾಗಿರಲಿಲ್ಲ, ಅದನ್ನು ಯಾರೂ ಸರಿಯಾಗಿ ಪರೀಕ್ಷಿಸಿಯೂ ಇರಲಿಲ್ಲ. ‘ವಾಪಸ್’ ಎಂಬ ಪದಕ್ಕೆ ನಾವು ಒಂದು ಅರ್ಥ, ಮಾವನ ಅಂಗಡಿ ಇನ್ನೊಂದು ಅರ್ಥ ಇಟ್ಟುಕೊಂಡಿದ್ದೂ ಹೆಚ್ಚುಕಮ್ಮಿ ಇದೇ ಕಥೆ.

<b>ಆಷಾಢದಲ್ಲಿ ಕೂತು ಕೇಳಿದ್ದು</b>

ಆಷಾಢ ಬಂತು. ಮದುವೆ, ಗೃಹಪ್ರವೇಶ ಇಲ್ಲ. ಹರಿದ ಶಾಮಿಯಾನ ಹೊಲಿಸುವ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವ ಕಾಲ ಅದು. ‘ಮಾವ, ಇನ್ನೊಂದು ಸಲ ಅವಕಾಶ ಕೊಡಿ. ಈ ಸಲ ಕೋಡ್ ಬರೆಯೋಕೆ ಮುಂಚೆ ಅಂಗಡೀಲಿ ಬಂದು ಕೂರ್ತೀನಿ’ ಎಂದೆ. ಮಾವ ನಕ್ಕು ‘ಬಾ, ಹೆಂಗೂ ಪಾತ್ರೆ ಎಣಿಸೋಕೆ ಜನ ಬೇಕು’ ಎಂದರು.

ನಾಲ್ಕು ದಿನ ಎಣಿಸಿದೆ. ಆಗ ಗೊತ್ತಾದ ಮೊದಲ ಸಂಗತಿ: ನಾವು ತಪ್ಪು ವ್ಯಕ್ತಿಗಾಗಿ ಆ್ಯಪ್ ಮಾಡಿದ್ದೆವು. ಮಾವ ಬುಕಿಂಗ್ ತೆಗೆದುಕೊಳ್ಳುತ್ತಾರೆ, ದುಡ್ಡಿನ ಲೆಕ್ಕ ನೋಡುತ್ತಾರೆ. ಕುರ್ಚಿ ಎಲ್ಲಿದೆ ಎಂದು ನಿಜವಾಗಿ ಗೊತ್ತಿರುವುದು ಹದಿನೈದು ವರ್ಷದಿಂದ ಗೋಡೌನ್ ನೋಡಿಕೊಳ್ಳುವ ಅಣ್ಣನಿಗೆ. ಅವರ ಲೆಕ್ಕವೆಲ್ಲ ಜೇಬಿನ ಸಣ್ಣ ಚೀಟಿಯಲ್ಲಿ, ಉಳಿದದ್ದು ತಲೆಯಲ್ಲಿ. ಅವರನ್ನು ನಾವು ಒಂದು ಮಾತೂ ಕೇಳಿರಲಿಲ್ಲ.

ನಮ್ಮ ಪಠ್ಯದಲ್ಲಿ ‘ಯೂಸ್ ಕೇಸ್’ ಚಿತ್ರ ಎಂಬುದೊಂದಿದೆ. ಸ್ವೀಡನ್ನಿನ ಇವಾರ್ ಯಾಕೊಬ್ಸನ್ ರೂಪಿಸಿದ ಕಲ್ಪನೆ ಅದು. ಕಡ್ಡಿ ಗೊಂಬೆಗಳನ್ನು ಬರೆದು, ಯಾರು ಈ ವ್ಯವಸ್ಥೆಯಿಂದ ಏನು ಮಾಡಿಸಿಕೊಳ್ಳುತ್ತಾರೆ ಎಂದು ತೋರಿಸುವುದು. ಪರೀಕ್ಷೆಯಲ್ಲಿ ಎಟಿಎಂ ಚಿತ್ರ ಬಾಯಿಪಾಠ ಮಾಡಿ ಬರೆದಿದ್ದೆ. ಈಗ ಮಾವನ ಬಿಲ್ ಪುಸ್ತಕದ ಹಿಂಬದಿಯಲ್ಲಿ ಮೂರು ಗೊಂಬೆ ಬರೆದೆ: ಮಾವ, ಗಿರಾಕಿ, ಗೋಡೌನ್ ಅಣ್ಣ. ‘ಇದು ನಾನಾ? ಇಷ್ಟು ಸಣ್ಣ ಇದೀನಾ?’ ಎಂದು ಅಣ್ಣ ನಕ್ಕರು.

ಆಮೇಲೆ ಒಂದು ಕುರ್ಚಿಯ ಜೀವನವನ್ನು ಬರೆದೆ. ಇದಕ್ಕೆ ‘ಸ್ಟೇಟ್ ಡಯಾಗ್ರಾಂ’ ಎನ್ನುತ್ತೇವೆ, ಅಂದರೆ ವಸ್ತುವಿನ ಸ್ಥಿತಿಗಳ ನಕ್ಷೆ. ಗೋಡೌನ್‌ನಲ್ಲಿದೆ, ಗಾಡಿಯಲ್ಲಿದೆ, ಸಮಾರಂಭದಲ್ಲಿದೆ, ರಿಪೇರಿಯಲ್ಲಿದೆ ಎಂದು ನಾಲ್ಕು ವೃತ್ತ. ಒಂದರಿಂದ ಇನ್ನೊಂದಕ್ಕೆ ಬಾಣದ ಗೆರೆ. ಅಣ್ಣ ಅದನ್ನು ಸ್ವಲ್ಪ ಹೊತ್ತು ನೋಡಿ, ‘ಸಮಾರಂಭ’ ಎಂದು ಬರೆದ ವೃತ್ತದ ಮೇಲೆ ಬೆರಳಿಟ್ಟರು.

‘ಇಲ್ಲಿಂದ ಇನ್ನೊಂದು ಸಮಾರಂಭಕ್ಕೆ ನೇರ ಹೋಗುತ್ತಲ್ಲ, ಅದಕ್ಕೆ ಗೆರೆನೇ ಇಲ್ವಲ್ಲವ್ವ?’

ಸಾಲುಗಟ್ಟಲೆ ಕೋಡ್‌ನಲ್ಲಿ ನಾವು ನಾಲ್ವರಿಗೆ ಕಾಣದ ತಪ್ಪನ್ನು, ಕಂಪ್ಯೂಟರ್ ಮುಟ್ಟದ ಒಬ್ಬರು ಒಂದು ನಿಮಿಷದಲ್ಲಿ ತೋರಿಸಿದರು. ಈ ಚಿತ್ರಗಳನ್ನು ಬರೆಯುವುದು ಅಂಕಕ್ಕಾಗಿ ಅಲ್ಲ. ಕೋಡ್ ಓದಲಾರದವರೂ ನಮ್ಮ ತಪ್ಪನ್ನು ಹಿಡಿಯಲಿ ಎಂದು. ಅದೂ ಕೋಡ್ ಬರೆಯುವ ಮೊದಲೇ.

ಅಣ್ಣನ ಬೇಡಿಕೆಗಳನ್ನೂ ಬರೆದುಕೊಂಡೆ. ಸಾಮಾನು ಬರುವುದು ರಾತ್ರಿ, ಹಾಗಾಗಿ ಕತ್ತಲಲ್ಲಿ ಅಕ್ಷರ ಕಾಣಬೇಕು. ಕೈ ಒದ್ದೆ ಇರುತ್ತದೆ, ಬಟನ್ ದೊಡ್ಡದಿರಬೇಕು. ಗೋಡೌನ್‌ನಲ್ಲಿ ನೆಟ್‌ವರ್ಕ್ ಸಿಗದು, ಇಲ್ಲದಿದ್ದರೂ ನಡೆಯಬೇಕು. ಎಲ್ಲ ಕನ್ನಡದಲ್ಲಿರಬೇಕು. ಆ್ಯಪ್ ಏನು ಮಾಡಬೇಕು ಎನ್ನುವುದು ಒಂದು ಬಗೆಯ ಅಗತ್ಯ, ಎಂಥ ಪರಿಸ್ಥಿತಿಯಲ್ಲಿ ಹೇಗೆ ಮಾಡಬೇಕು ಎನ್ನುವುದು ಇನ್ನೊಂದು ಬಗೆಯದು. ಪುಸ್ತಕ ಎರಡನೆಯದನ್ನು ‘ನಾನ್ ಫಂಕ್ಷನಲ್’ ಎನ್ನುತ್ತದೆ. ಅಣ್ಣನಿಗೆ ಆ ಹೆಸರು ಗೊತ್ತಿರಲಿಲ್ಲ. ಅವರ ಪಟ್ಟಿ ಮಾತ್ರ ನಮ್ಮ ನೋಟ್ಸ್‌ಗಿಂತ ಚೆನ್ನಾಗಿತ್ತು. ಬಣ್ಣದ ಗ್ರಾಫ್ ಯಾರೂ ಕೇಳಲಿಲ್ಲ.

<b>ಹದಿನೈದು ದಿನ ಎಂದದ್ದು ಎರಡು ತಿಂಗಳು</b>

ಮೊದಲ ಸಲ ನಮ್ಮ ಕೆಲಸ ನಡೆದ ರೀತಿಯೂ ಹೇಳಿಕೊಳ್ಳುವಂತಿರಲಿಲ್ಲ. ಹದಿನೈದು ದಿನದಲ್ಲಿ ಮುಗಿಸುತ್ತೇವೆ ಎಂದು ಮಾವನಿಗೆ ಹೇಳಿದ್ದೆ. ಆ ಹದಿನೈದು ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರವಿಲ್ಲ. ನಡುವೆ ಇಂಟರ್ನಲ್ಸ್ ಬರುತ್ತದೆ, ಒಬ್ಬಳು ಹಬ್ಬಕ್ಕೆ ಊರಿಗೆ ಹೋಗುತ್ತಾಳೆ ಎಂದು ಯಾರೂ ಯೋಚಿಸಿರಲಿಲ್ಲ. ಲಾಗಿನ್ ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ಬರೆದಿದ್ದೆವು, ಬಿಲ್ ಪುಟವನ್ನು ಯಾರೂ ಬರೆದಿರಲಿಲ್ಲ. ಡೆಮೊಗೆ ಒಂದು ವಾರ ಇರುವಾಗ ಇನ್ನಿಬ್ಬರು ಸಹಪಾಠಿಗಳನ್ನು ಸೇರಿಸಿಕೊಂಡೆವು. ಅವರಿಗೆ ನಮ್ಮ ಕೋಡ್ ವಿವರಿಸುವುದರಲ್ಲೇ ಮೂರು ದಿನ ಹೋಯಿತು. ಆ ಜಗಳದಲ್ಲಿ ರೂಮ್‌ಮೇಟ್ ಜೊತೆ ಒಂದು ವಾರ ಮಾತು ಬಿಟ್ಟಿದ್ದೆ.

ಐಬಿಎಂನಲ್ಲಿ ದೊಡ್ಡ ಯೋಜನೆಯೊಂದನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ‘ದಿ ಮಿಥಿಕಲ್ ಮ್ಯಾನ್ ಮಂತ್’ ಪುಸ್ತಕದಲ್ಲಿ ಇದನ್ನೇ ಹೇಳಿದ್ದಾರೆ: ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಎರಡು ಅಂಕಕ್ಕೆ ಬರೆದಿದ್ದ ಆ ಸಾಲು ಹಾಸ್ಟೆಲ್ ರೂಮಿನಲ್ಲಿ ಕಣ್ಣೆದುರೇ ನಡೆದಿತ್ತು.

ಎರಡನೇ ಸಲ ಗೋಡೆಗೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿದೆವು. ಮಾಡಬೇಕಾದ್ದು, ಮಾಡ್ತಿರೋದು, ಮುಗಿದದ್ದು ಎಂದು ಮೂರು ಕಾಲಂ. ಪ್ರತಿ ಕೆಲಸಕ್ಕೂ ಒಂದು ಚೀಟಿ, ಚೀಟಿಯ ಮೇಲೆ ಒಬ್ಬಳ ಹೆಸರು. ಎರಡು ದಿನಕ್ಕಿಂತ ದೊಡ್ಡ ಕೆಲಸವಿದ್ದರೆ ಒಡೆದು ಎರಡು ಚೀಟಿ. ಬೇಕೇ ಬೇಕು, ಇದ್ದರೆ ಒಳ್ಳೇದು, ಈಗ ಬೇಡ ಎಂದು ಮಾವನ ಕೈಯಲ್ಲೇ ಗುರುತು ಹಾಕಿಸಿದೆವು. ಶ್ರಾವಣದ ಮೊದಲ ಮದುವೆಯೇ ಕೊನೆಯ ದಿನಾಂಕ. ಮುಹೂರ್ತವನ್ನು ಮುಂದೂಡಲು ಆಗುವುದಿಲ್ಲವಲ್ಲ!

<b>ಒಂದೇ ಏಟಿಗೆ ಬೇಡ</b>

ಅಗತ್ಯ, ವಿನ್ಯಾಸ, ಕೋಡ್, ಪರೀಕ್ಷೆ ಎಂದು ಒಂದಾದ ಮೇಲೊಂದು ಇಳಿದು ಹೋಗುವ ‘ಜಲಪಾತ ಮಾದರಿ’ಯನ್ನು ನಾವೆಲ್ಲ ಓದುತ್ತೇವೆ. ಅದರ ಮೂಲವೆಂದು ಹೇಳುವ 1970ರ ಪ್ರಬಂಧದಲ್ಲಿ ವಿನ್‌ಸ್ಟನ್ ರಾಯ್ಸ್, ಹೀಗೆ ನೇರವಾಗಿ ಇಳಿದು ಹೋಗುವುದು ಅಪಾಯಕಾರಿ ಎಂದೇ ಎಚ್ಚರಿಸಿದ್ದರು ಎಂಬುದು ನನಗೆ ಈಚೆಗೆ ತಿಳಿಯಿತು. ಪರೀಕ್ಷೆ ಕೊನೆಗೆ ಬರುವುದರಿಂದ ತಪ್ಪೂ ಕೊನೆಗೇ ಗೊತ್ತಾಗುತ್ತದೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಬರೆದ ‘ಅಜೈಲ್’ ಪ್ರಣಾಳಿಕೆ ಒತ್ತು ಕೊಟ್ಟಿದ್ದು ಬೇರೆ ಕ್ರಮಕ್ಕೆ: ಕೆಲಸ ಮಾಡುವ ಸಾಫ್ಟ್‌ವೇರನ್ನು ಆಗಾಗ ಕೊಡಿ, ಬಳಸುವವರ ಜೊತೆ ಕೂತು ತಿದ್ದಿಕೊಳ್ಳಿ.

ನಾವು ಹಾಗೇ ಮಾಡಿದೆವು. ಮೊದಲ ಭಾನುವಾರ ಕೊಟ್ಟದ್ದು ಒಂದೇ ಪುಟ: ಕುರ್ಚಿ ಹೋಯಿತು, ಕುರ್ಚಿ ಬಂತು. ಒಂದು ತಿಥಿಗೆ ಹೋದ ಮೂವತ್ತು ಕುರ್ಚಿಗಳ ಮೇಲೆ ಪ್ರಯೋಗ. ‘ಬಂತು’ ಬಟನ್ ಒತ್ತಿದರೆ ಎಲ್ಲ ಮೂವತ್ತೂ ಬಂದಂತೆ ಆಗುತ್ತಿತ್ತು. ಅಣ್ಣ ‘ಇಪ್ಪತ್ತೆಂಟೇ ಬಂದಿರೋದು, ಎಲ್ಲಿ ಒತ್ತಲಿ?’ ಎಂದರು. ಮುಂದಿನ ಭಾನುವಾರ ಅದನ್ನು ಸರಿ ಮಾಡಿದೆವು. ತಪ್ಪು ಆಗಲೂ ಆಯಿತು. ಆದರೆ ಎರಡು ಕುರ್ಚಿಯ ತಪ್ಪು, ನೂರೈವತ್ತರದಲ್ಲ.

<b>ನಿಮಗೂ ಒಂದು ಮಾತು</b>

ಪ್ರಾಜೆಕ್ಟ್ ಮಾಡುತ್ತಿರುವ, ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಹೇಳುವಷ್ಟು ದೊಡ್ಡವಳು ನಾನಲ್ಲ. ಆದರೂ ನನ್ನ ತಪ್ಪಿನಿಂದ ಇಷ್ಟು ಹೇಳಬಲ್ಲೆ. ಯಾವುದೋ ವೆಬ್‌ಸೈಟಿನಿಂದ ಹತ್ತು ಆ್ಯಪ್ ನಕಲು ಮಾಡುವುದಕ್ಕಿಂತ, ನಿಮ್ಮ ಬೀದಿಯ ಒಂದು ಅಂಗಡಿಗೆ ಒಂದು ಆ್ಯಪ್ ಮಾಡಿ. ಕೋಡ್‌ಗೆ ಮೊದಲು ಒಂದು ದಿನ ಅಲ್ಲಿ ಕೂರಿ. ದುಡ್ಡು ಕೊಡುವವರನ್ನಷ್ಟೇ ಕೇಳದೆ ಕೆಲಸ ಮಾಡುವವರನ್ನೂ ಕೇಳಿ. ಕೇಳಿದ್ದನ್ನು ಬರೆಯಿರಿ, ಬರೆದದ್ದನ್ನು ಅವರಿಗೇ ತೋರಿಸಿ. ಸಂದರ್ಶನದಲ್ಲಿ ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂದರೆ ಹೇಳುವುದಕ್ಕೆ ನಿಮ್ಮದೇ ಒಂದು ಕಥೆ ಇರುತ್ತದೆ.

ಶ್ರಾವಣದ ಮೊದಲ ಮದುವೆಯ ಮರುದಿನ ರಾತ್ರಿ ಮತ್ತೆ ಮಾವನ ಫೋನ್. ಎದೆ ಧಸಕ್ಕೆಂದಿತು.

‘ಪುಟ್ಟೀ, ಕುರ್ಚಿ ಲೆಕ್ಕ ಸರಿ ಇದೆ. ಸೌಟು ಮಾತ್ರ ಎರಡು ಕಮ್ಮಿ ತೋರಿಸ್ತಿದೆ.’

‘ಅಯ್ಯೋ! ಆ್ಯಪ್ ತಪ್ಪಾ ಮಾವ?’

‘ಇಲ್ಲ ಕಣೆ, ನಿಜವಾಗ್ಲೂ ಎರಡು ಕಮ್ಮಿ. ಮದುವೆ ಮನೇಲೇ ಬಿಟ್ಟು ಬಂದವ್ರೆ. ನಾಳೆ ತರಿಸ್ತೀನಿ.’

ಮಾವ ಹಳೆಯ ಪುಸ್ತಕವನ್ನು ಇನ್ನೂ ಬಿಟ್ಟಿಲ್ಲ. ದಿನವೂ ಎರಡನ್ನೂ ತಾಳೆ ನೋಡುತ್ತಾರಂತೆ. ಪುಸ್ತಕ ಬಿಡಿ ಎಂದು ನಾನೂ ಹೇಳಿಲ್ಲ.