ಸಾರಿಗೆ ಸುಗಮ್ಯತೆ ಮತ್ತು ನಗರದ ಭೂಬಳಕೆ: ಬೆಂಗಳೂರಿನ ನಿದರ್ಶನ

ಒಂದು ಸ್ಥಳದಿಂದ ಉದ್ಯೋಗ, ಶಾಲೆ, ಮಾರುಕಟ್ಟೆ, ಆಸ್ಪತ್ರೆಗಳನ್ನು ಎಷ್ಟು ಸುಲಭವಾಗಿ ತಲುಪಬಹುದೆಂಬುದನ್ನು ನಗರ ಯೋಜನಾಶಾಸ್ತ್ರವು ‘ಸುಗಮ್ಯತೆ’ ಎಂಬ ಪರಿಕಲ್ಪನೆಯಿಂದ ಗುರುತಿಸುತ್ತದೆ. 1959ರಲ್ಲಿ ವಾಲ್ಟರ್ ಹ್ಯಾನ್ಸನ್ ಅವರ ಪ್ರಬಂಧವು ಇದಕ್ಕೆ ಗಣಿತದ ರೂಪವನ್ನು ನೀಡಿತು. ಸುತ್ತಲಿನ ಪ್ರದೇಶಗಳಲ್ಲಿರುವ ಅವಕಾಶಗಳನ್ನು ಎಣಿಸಿ, ಪ್ರಯಾಣದ ಕಾಲ ಹೆಚ್ಚಿದಂತೆಲ್ಲ ಅವುಗಳ ತೂಕವನ್ನು ತಗ್ಗಿಸಿ ಕೂಡಿಸಿದಾಗ ದೊರೆಯುವ ಮೊತ್ತವೇ ಆ ಸ್ಥಳದ ಸುಗಮ್ಯತೆ. ಸುಗಮ್ಯತೆಯ ಜೊತೆಗೆ ಕಟ್ಟಲು ಯೋಗ್ಯವಾದ ಖಾಲಿ ಭೂಮಿಯೂ ಇರುವೆಡೆ ವಸತಿ ಬೆಳೆಯುತ್ತದೆಂಬುದು ಅವರ ಪ್ರತಿಪಾದನೆ.

ಈ ದೃಷ್ಟಿಯಲ್ಲಿ ವಾಹನದ ವೇಗ ಬೇರೆ, ಸುಗಮ್ಯತೆ ಬೇರೆ. ಗಾಂಧಿ ಬಜಾರಿಗೆ ನಡೆದೇ ಹೋಗಬಲ್ಲ ಬಸವನಗುಡಿಯ ನಿವಾಸಿಗೆ ವೇಗದ ಅಗತ್ಯವೇ ಕಡಿಮೆ. ಹೆದ್ದಾರಿಯ ಅಂಚಿನ ಬಡಾವಣೆಯವನಿಗೆ ವೇಗವಿದ್ದರೂ ತಲುಪಬೇಕಾದದ್ದೆಲ್ಲ ದೂರ.

ಸಾರಿಗೆಯೂ ಭೂಬಳಕೆಯೂ ಪರಸ್ಪರ ರೂಪಿಸುತ್ತವೆ. ರಸ್ತೆಯು ಸುಗಮ್ಯತೆಯನ್ನು ಹೆಚ್ಚಿಸುತ್ತದೆ. ಅದರಿಂದ ಭೂಮಿಯ ಬೆಲೆ ಏರಿ ಕಟ್ಟಡಗಳು ಬರುತ್ತವೆ. ಅವು ತರುವ ದಟ್ಟಣೆಯು ಆ ಸುಗಮ್ಯತೆಯನ್ನೇ ಕುಗ್ಗಿಸುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆ ಇದಕ್ಕೆ ಸ್ಪಷ್ಟ ನಿದರ್ಶನ. ನಗರಮಧ್ಯವನ್ನು ಹಾದುಹೋಗುತ್ತಿದ್ದ ವಾಹನಗಳನ್ನು ಹೊರಬದಿಗೆ ತಿರುಗಿಸಲು ನಿರ್ಮಿಸಿದ ಈ ರಸ್ತೆಯ ಪೂರ್ವಭಾಗದಲ್ಲಿ, ಬೆಳ್ಳಂದೂರು, ಮಾರತಹಳ್ಳಿಗಳ ಸುತ್ತಲಿನ ಹೊಲಗದ್ದೆಗಳ ಜಾಗದಲ್ಲಿ, ಮಾಹಿತಿ ತಂತ್ರಜ್ಞಾನದ ಕಚೇರಿಗಳು ತಲೆಯೆತ್ತಿದವು. ಬಳಸಿ ಹೋಗುವ ದಾರಿಯೇ ಜನರು ಹೋಗಿ ಸೇರುವ ತಾಣವಾಯಿತು. ಇಲ್ಲಿನ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆತದ್ದು 2021ರಲ್ಲಿ. 1970ರ ದಶಕದಲ್ಲಿ ರೂಪುಗೊಂಡ ಎಲೆಕ್ಟ್ರಾನಿಕ್ಸ್ ಸಿಟಿಗೆ ಮೇಲ್ಸೇತುವೆ ರಸ್ತೆ 2010ರಲ್ಲಿ ತೆರೆದರೆ, ಮೆಟ್ರೊ ತಲುಪಿದ್ದು 2025ರ ಆಗಸ್ಟ್‌ನಲ್ಲಿ. ಎರಡೂ ಕಡೆ ಉದ್ಯೋಗಗಳು ಮೊದಲು ಬಂದವು, ಸಮೂಹ ಸಾರಿಗೆ ಹಿಂದೆ ಬಿದ್ದಿತು.

ಈ ವಿಳಂಬದ ಹೊರೆಯನ್ನು ಎಲ್ಲರೂ ಸಮನಾಗಿ ಹೊರುವುದಿಲ್ಲ. ಸ್ವಂತ ವಾಹನವಿಲ್ಲದ ಕಾವಲುಗಾರ, ಸ್ವಚ್ಛತಾ ಕಾರ್ಮಿಕ, ಮನೆಗೆಲಸದ ಮಹಿಳೆಯರಿಗೆ ಸುಗಮ್ಯತೆಯೆಂದರೆ ಬಸ್ಸು ಮತ್ತು ಕಾಲ್ನಡಿಗೆ ಮುಟ್ಟಿಸುವಷ್ಟೇ. ನಿಲ್ದಾಣ ಬಂದೊಡನೆ ಬಾಡಿಗೆ ಏರಿದರೆ, ಅದರ ಅಗತ್ಯ ಹೆಚ್ಚಿರುವವರೇ ದೂರ ಸರಿಯಬೇಕಾಗುತ್ತದೆ.

ಬೆಂಗಳೂರಿನಲ್ಲಿ ಭೂಬಳಕೆಯ ಯೋಜನೆ, ಬಸ್ಸು, ಮೆಟ್ರೊಗಳನ್ನು ಬೇರೆಬೇರೆ ಸಂಸ್ಥೆಗಳು ನಿರ್ವಹಿಸುತ್ತ ಬಂದಿವೆ. ನಗರದ ಸಾರಿಗೆಯನ್ನು ಸಮನ್ವಯಗೊಳಿಸಲು ಭೂಸಾರಿಗೆ ಪ್ರಾಧಿಕಾರವೊಂದನ್ನು ರಚಿಸುವ ವಿಧೇಯಕಕ್ಕೆ 2022ರಲ್ಲಿ ವಿಧಾನಮಂಡಲವು ಅಂಗೀಕಾರ ನೀಡಿತು. ಕಟ್ಟಡಗಳ ಎತ್ತರ, ಬಡವರ ವಸತಿ, ಬಸ್ಸಿನ ಮಾರ್ಗ ಇವುಗಳನ್ನು ಒಂದೇ ನಕ್ಷೆಯ ಮೇಲೆ ಒಟ್ಟಿಗೆ ನಿರ್ಧರಿಸಿದಾಗ ಮಾತ್ರ ಇಂತಹ ಸಮನ್ವಯ ಸಾರ್ಥಕವಾದೀತು. ರಸ್ತೆಯ ಅಗಲವನ್ನು ಅಳೆಯುವ ಯೋಜನೆಗಳು, ಆ ರಸ್ತೆಯಿಂದ ಯಾರು ಎಲ್ಲಿಗೆ ತಲುಪಬಲ್ಲರೆಂಬುದನ್ನೂ ಅಳೆಯಬೇಕಾಗಿದೆ.