ಕಾರ್ಪೆಟ್ ಮೇಲಿನ ಪುಸ್ತಕದ ಕಪಾಟು: ಯಾಕೆ ವಾಲುತ್ತೆ, ಹೇಗೆ ನಿಲ್ಲಿಸೋದು?

ಈ ವಾರದ ವಿಡಿಯೊದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಲೆಕ್ಕಗಳನ್ನ ಸೇರಿಸಿ ಇಲ್ಲಿ ಬರೆದಿದ್ದೀನಿ.

ಮುಂಬೈಗೆ ಬಂದ ನಮ್ಮಂಥವರ ಮನೆ ಕಥೆ ನಿಮಗೆ ಗೊತ್ತೇ ಇದೆ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್, ದೊಡ್ಡ ಡಿಪಾಸಿಟ್, ಮೇಲೆ ಓನರ್ ಮಾತು: "ಗೋಡೆಗೆ ಮೊಳೆ ಹೊಡೀಬೇಡಿ." ಹಾಗಾಗಿ ಊರಿಂದ ತಂದ ಪುಸ್ತಕಗಳಿಗೆ ನಾವು ಕೊಳ್ಳೋದು ಗೋಡೆಗೆ ಒರಗಿ ನಿಲ್ಲೋ, ಆದ್ರೆ ಎಲ್ಲೂ ಕಟ್ಟದ ಕಪಾಟು.

ಕಾಂದಿವಲಿಯ ನಮ್ಮ ಬಾಡಿಗೆ ಮನೆಯ ಒಂದು ರೂಮಿಗೆ ಹಿಂದೆ ಇದ್ದವರು ಕಾರ್ಪೆಟ್ ಅಂಟಿಸಿದ್ರು. ಗೋಡೆಯ ಪಕ್ಕ ಉಳಿದಿದ್ದನ್ನ ಕತ್ತರಿಸದೆ ಒಳಕ್ಕೆ ಮಡಿಚಿ ಬಿಟ್ಟಿದ್ರು. ನಾನು ಅದರ ಮೇಲೇ ಕಪಾಟು ಇಟ್ಟೆ. ಒಂದು ಭಾನುವಾರ ಎರಡೂವರೆ ವರ್ಷದ ಮಗಳು ಮೂರನೇ ಹಲಗೆಯ ಪುಸ್ತಕಕ್ಕೆ ಕೈ ಹಾಕಿ ಜೋತುಬಿದ್ಲು. ಕಪಾಟು ಮುಂದಕ್ಕೆ ಬಂತು. ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು, ಭುಜ ಕೊಟ್ಟು ತಡೆದಳು. ಪುಸ್ತಕ ಬಿದ್ದವು, ಮಗುವಿಗೆ ಏನೂ ಆಗಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ, ಟೇಪು ಹಿಡಿದು ಅಳೆಯೋಕೆ ಕೂತೆ.

ಲೆಕ್ಕ ಏನು ಹೇಳುತ್ತೆ?

ಸಾಮಾನ್ಯವಾಗಿ ಸಿಗೋ ಎತ್ತರದ ಕಪಾಟು ತಗೊಳ್ಳಿ: ಎತ್ತರ 202 ಸೆಂ.ಮೀ., ಆಳ ಬರೀ 28 ಸೆಂ.ಮೀ. ಪುಸ್ತಕ ಸಮನಾಗಿ ತುಂಬಿದ್ರೆ ಗುರುತ್ವ ಕೇಂದ್ರ ಸುಮಾರು 101 ಸೆಂ.ಮೀ. ಎತ್ತರದಲ್ಲಿ, ಮುಂದಿನ ಅಂಚಿನಿಂದ 14 ಸೆಂ.ಮೀ. ಹಿಂದೆ ಇರುತ್ತೆ. ಈ ಕೇಂದ್ರ ಮುಂದಿನ ಅಂಚನ್ನ ದಾಟಿದ ಕ್ಷಣ ಕಪಾಟು ತಾನಾಗೇ ಬೀಳುತ್ತೆ. ಅದಕ್ಕೆ ಬೇಕಾಗೋದು ಸುಮಾರು 8 ಡಿಗ್ರಿ ವಾಲು, ಅಷ್ಟೇ.

ಈಗ ಹಿಂಬದಿ ಬರೀ 8 ಮಿ.ಮೀ. ಎತ್ತರ ಆಯ್ತು ಅನ್ಕೊಳ್ಳಿ. ಕೆಳಗೆ 8 ಮಿ.ಮೀ. ಅಂದ್ರೆ ಮೇಲೆ ಕಪಾಟಿನ ತಲೆ ಸುಮಾರು 5.8 ಸೆಂ.ಮೀ. ಮುಂದೆ ಬಂದಿರುತ್ತೆ. ಗುರುತ್ವ ಕೇಂದ್ರ 2.9 ಸೆಂ.ಮೀ. ಮುಂದೆ ಸರಿದಿರುತ್ತೆ, ಅಂದ್ರೆ 14ರಲ್ಲಿ ಉಳಿದಿದ್ದು 11.1. ಯಾರೂ ಮುಟ್ಟೋ ಮೊದಲೇ ಸ್ಥಿರತೆಯ ಐದನೇ ಒಂದು ಭಾಗ ಹೋಯ್ತು! ಸಾಲದ್ದಕ್ಕೆ ಕಾರ್ಪೆಟ್ ಮೆತ್ತಗಿರೋದ್ರಿಂದ, ಭಾರ ಮುಂದಕ್ಕೆ ಬಂದಂಗೆ ಮುಂದಿನ ಅಂಚು ಇನ್ನಷ್ಟು ಒಳಗೆ ಕೂರುತ್ತೆ.

ಒಟ್ಟು 120 ಕೆ.ಜಿ. ತೂಗೋ ಕಪಾಟನ್ನ 180 ಸೆಂ.ಮೀ. ಎತ್ತರದಲ್ಲಿ ಹಿಡಿದು ಎಳೆದ್ರೆ, ಸಮನೆಲದಲ್ಲಿ 9 ಕೆ.ಜಿ.ಗಿಂತ ಸ್ವಲ್ಪ ಹೆಚ್ಚಿನ ಬಲಕ್ಕೆ ಅದು ಏಳೋಕೆ ಶುರುವಾಗುತ್ತೆ. ಹೀಗೆ ವಾಲಿದ್ದಾಗ ಏಳೂವರೆ ಸಾಕು. 40 ಕೆ.ಜಿ.ಯ ಖಾಲಿ ಕಪಾಟಿಗೆ ಮೂರೇ ಕೆ.ಜಿ. ಸಾಕು. "ಭಾರ ಇದೆ, ಅಲ್ಲಾಡಲ್ಲ" ಅನ್ನೋ ಧೈರ್ಯ ಬೇಡ. ಭಾರ ಇದ್ರೆ ಬೀಳೋದು ಕಷ್ಟ, ಆದ್ರೆ ಬಿದ್ರೆ ಅನಾಹುತವೂ ಅಷ್ಟೇ ದೊಡ್ಡದು.

ಅಮೆರಿಕದಲ್ಲಿರೋ ನೆಂಟರಿಗೂ ಇದನ್ನ ಕಳಿಸಿ. ಅಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕುವಾಗ ಅಂಚಲ್ಲಿ ಮೊಳೆ ಇರೋ ಮರದ ಪಟ್ಟಿ ಹಾಕ್ತಾರೆ. ಕಪಾಟಿನ ಹಿಂಬದಿ ಆ ಗಟ್ಟಿ ಪಟ್ಟಿ ಮೇಲೆ, ಮುಂಬದಿ ಮೆತ್ತನೆ ಫೋಮ್ ಮೇಲೆ! ಅಲ್ಲಿ 2022ರಲ್ಲಿ ಬಂದ ಸ್ಟರ್ಡಿ ಆಕ್ಟ್ ಪ್ರಕಾರ ಬಟ್ಟೆ ಇಡೋ ಡ್ರಾಯರ್‌ಗಳನ್ನ ಕಾರ್ಪೆಟ್ ಮೇಲೆ ಇಟ್ಟಂಥ ಸ್ಥಿತಿಯಲ್ಲೂ ಪರೀಕ್ಷೆ ಮಾಡಬೇಕು. ಆದ್ರೆ ಆ ಕಾನೂನು ಪುಸ್ತಕದ ಕಪಾಟಿಗೆ ಅನ್ವಯ ಆಗಲ್ಲ.

ಮೊದಲು ದಾರದ ಪರೀಕ್ಷೆ

ಮುಂದಿನ ಮೇಲಿನ ಅಂಚಿಂದ ಒಂದು ದಾರಕ್ಕೆ ಕೀ ಕಟ್ಟಿ ಇಳಿಬಿಡಿ. ಕೆಳಗೆ ದಾರ ಕಪಾಟಿನಿಂದ ದೂರ ತೂಗಿದ್ರೆ ಕಪಾಟು ಮುಂದಕ್ಕೆ ವಾಲಿದೆ ಅಂತ ಅರ್ಥ. ಗಾರೆ ಕೆಲಸದವರ ರಸಮಟ್ಟ ಸಿಕ್ಕಿದ್ರೆ ಇನ್ನೂ ಸುಲಭ.

ಸರಿ ಮಾಡೋದು ಹೇಗೆ?

1. ಒಂದೋ ಇಡೀ ಕಪಾಟು ಕಾರ್ಪೆಟ್ ಮೇಲೆ, ಇಲ್ಲಾಂದ್ರೆ ಪೂರ್ತಿ ಟೈಲ್ಸ್ ಮೇಲೆ. ಅರ್ಧ-ಅರ್ಧ ಬೇಡ. ಜಮಖಾನ, ರಗ್ಗು ಇದ್ರೆ ಕಪಾಟಿನ ಕೆಳಗಿಂದ ಎಳೆದುಬಿಡಿ.

2. ಕಾರ್ಪೆಟ್ ತೆಗೆಯೋಕೆ ಆಗಲ್ವಾ? ಕಪಾಟಿನ ಪೂರ್ತಿ ಅಡಿಗೆ 18 ಮಿ.ಮೀ. ಪ್ಲೈವುಡ್ ಹಾಕಿ, ಭಾರ ಹಂಚಿಹೋಗುತ್ತೆ. ಆಮೇಲೆ ಮುಂದಿನ ಅಂಚಿನ ಕೆಳಗೆ ತೆಳು ಬೆಣೆ ಕೊಟ್ಟು, ಕೂದಲೆಳೆಯಷ್ಟು ಗೋಡೆ ಕಡೆಗೆ ಒರಗಿಸಿ. ರಟ್ಟು ಮಡಿಚಿ ಇಡಬೇಡಿ, ಕಾಲಕ್ರಮೇಣ ಅದು ಕುಗ್ಗುತ್ತೆ.

3. ಗೋಡೆ ಮುಟ್ಟೋಹಂಗೇ ಇಲ್ಲ ಅಂದ್ರೆ, ಆ ಪ್ಲೈವುಡ್ಡನ್ನ 10 ಸೆಂ.ಮೀ. ಮುಂದಕ್ಕೆ ಚಾಚಿ ಕಪಾಟಿನ ತಳಕ್ಕೆ ಸ್ಕ್ರೂ ಮಾಡಿಸಿ. 14 ಇದ್ದದ್ದು 24 ಸೆಂ.ಮೀ. ಆಗುತ್ತೆ, ಬೀಳೋ ಕೋನ 8ರಿಂದ 13 ಡಿಗ್ರಿಗೆ ಏರುತ್ತೆ. ಬರೀ ಇಟ್ರೆ ಏನೂ ಪ್ರಯೋಜನ ಇಲ್ಲ, ಸ್ಕ್ರೂ ಆಗಲೇಬೇಕು. ಎಡವದ ಹಾಗೆ ಅಂಚಿಗೆ ಎದ್ದು ಕಾಣೋ ಬಣ್ಣ ಹಚ್ಚಿ.

4. ನಿಘಂಟು, ಎಂಜಿನಿಯರಿಂಗ್ ಪುಸ್ತಕ ಎಲ್ಲ ಕೆಳಗಿನ ಹಲಗೆಗೆ. ಗುರುತ್ವ ಕೇಂದ್ರ 101ರಿಂದ 80 ಸೆಂ.ಮೀ.ಗೆ ಇಳಿದ್ರೆ ಬೀಳೋ ಕೋನ ಸುಮಾರು 10 ಡಿಗ್ರಿ. ಮಕ್ಕಳ ಆಟಿಕೆ ಮೇಲೆ ಇಡಬೇಡಿ, ಅದು ಹತ್ತೋಕೆ ಕರೆದಂಗೆ.

5. ಇಷ್ಟೆಲ್ಲ ಮಾಡಿದ್ರೂ, ಮನೇಲಿ ಚಿಕ್ಕ ಮಕ್ಕಳಿದ್ರೆ ಗೋಡೆಗೆ ಕಟ್ಟೋದಕ್ಕೆ ಬದಲಿ ಇಲ್ಲ. ಕ್ಲಾಂಪನ್ನ ಕಪಾಟಿನ ಪಕ್ಕದ ಹಲಗೆಗೋ ಮೇಲಿನ ದಪ್ಪ ಹಲಗೆಗೋ ಹಾಕಿ. ಹಿಂದಿನ ತೆಳು ಶೀಟಿಗೆ ಹಾಕಿದ್ರೆ ಕಿತ್ತು ಬರುತ್ತೆ.

ಗೋಡೆ ಯಾವುದು ಅಂತಲೂ ನೋಡ್ಕೊಳ್ಳಿ. ಹೊಸ ಟವರುಗಳಲ್ಲಿ ಅಲ್ಯೂಮಿನಿಯಂ ಅಚ್ಚಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆ ಇದ್ರೆ ಹ್ಯಾಮರ್ ಡ್ರಿಲ್ ಬೇಕು. ಹಳೇ ಬಿಲ್ಡಿಂಗಿನ ಇಟ್ಟಿಗೆ ಗೋಡೆಯಲ್ಲಿ ಪ್ಲಾಸ್ಟರ್ ದಾಟಿ ಇಟ್ಟಿಗೆವರೆಗೆ ತೂತು ಹೋಗಬೇಕು. ಹಗುರ ಬಿಳಿ ಬ್ಲಾಕಿನ ಗೋಡೆಗೆ ಮಾಮೂಲಿ ಗಿಟ್ಟಿ ಸಡಿಲ ಆಗುತ್ತೆ, ಅದಕ್ಕಂತಲೇ ಇರೋ ಉದ್ದನೆ ಪ್ಲಗ್ ಕೇಳಿ. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ-ಕೆಳಗೆ ಡ್ರಿಲ್ ಹಿಡೀಬೇಡಿ, ಒಳಗೆ ವೈರ್ ಇರುತ್ತೆ.

ಇನ್ನು ಇಲ್ಲಿನ ಮಳೆಗಾಲ. ಒದ್ದೆ ಹಿಡಿದ ಕಾರ್ಪೆಟ್ ಮೇಲೆ ನಿಂತ ಪಾರ್ಟಿಕಲ್ ಬೋರ್ಡಿನ ತಳ ಉಬ್ಬುತ್ತೆ, ಸಮ ಇದ್ದದ್ದು ಸೊಟ್ಟ ಆಗುತ್ತೆ. ಗಣೇಶ ಹಬ್ಬದ ಕ್ಲೀನಿಂಗ್ ಹೊತ್ತಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ದಾರದ ಪರೀಕ್ಷೆ ಮಾಡಿ.

ನಾನು ಕೊನೆಗೆ ಓನರ್‌ಗೆ ಫೋನ್ ಮಾಡಿ ನಡೆದದ್ದನ್ನ ಹಾಗೇ ಹೇಳಿದೆ. ಬಿಟ್ಟು ಹೋಗುವಾಗ ಪುಟ್ಟಿ ಹಾಕಿ ಬಣ್ಣ ಹೊಡೆಸಿಕೊಡ್ತೀನಿ ಅಂದೆ. "ಅಯ್ಯೋ, ಮೊದಲೇ ಕೇಳಬಾರದಿತ್ತಾ" ಅಂದ್ರು. ಎರಡು ತೂತು, ಇಪ್ಪತ್ತು ನಿಮಿಷದ ಕೆಲಸ. ನಾನು ಕೇಳದೇ ಕಳೆದದ್ದು ಏಳು ತಿಂಗಳು.

ಡಿಪಾಸಿಟ್ ಕಡಿತ ಆದ್ರೆ ಮತ್ತೆ ದುಡೀಬಹುದು. ಇವತ್ತೇ ಓನರ್‌ಗೆ ಒಂದು ಮಾತು ಕೇಳಿ.